ನಮ್ಮ ಮನೆಯ ಗೋಲಿ

ಮಕ್ಕಳು ಯಾವ ಆಟ ಆಡಿದರೂ ನನ್ನ ಅಭ್ಯಂತರವಿಲ್ಲ ಎಂದು ಹತ್ತು ಜನರ ಮುಂದೆ ಹೇಳಿಕೊಳ್ಳುವ ತಾಯಂದಿರಲ್ಲಿ ನಾನೂ ಒಬ್ಬಳು. ಹೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಕೇರಂ, ಹೆಚ್ಚೆಂದರೆ ಥ್ರೋಬಾಲ್. ಮಗಳು ಚೈತ್ರಾ ಐಸ್ ಹಾಕಿಯ ಗೋಲ್‌ಕೀಪರ್ ಆದಾಳೆಂದು ಯಾವ ಜ್ಯೋತಿಷಿಯೂ ಎಚ್ಚರಿಸಿರಲಿಲ್ಲ. ನಮ್ಮ ಶಿಕಾರಿಪುರದಲ್ಲಿ ಐಸ್ ಎಂದರೆ ಕಬ್ಬಿನ ಹಾಲಿನ ಅಂಗಡಿಯವರು ಗೋಣಿಚೀಲದಲ್ಲಿಟ್ಟು ಕುಟ್ಟುವ ಪದಾರ್ಥ. ಅದರ ಮೇಲೆ ನಿಲ್ಲುವವರುಂಟೇ?

ಶುರುವಾದದ್ದು ಚಕ್ರದ ಸ್ಕೇಟಿಂಗಿನಿಂದ. ಛತ್ರವೊಂದರ ಸಿಮೆಂಟ್ ಅಂಗಳದಲ್ಲಿ ಸ್ಕೇಟಿಂಗ್ ಕಲಿಸುತ್ತಿದ್ದ ಕೋಚ್, ಮಕ್ಕಳ ಕೈಗೆ ಕೋಲು ಕೊಟ್ಟು ಹಾಕಿಯನ್ನೂ ಆಡಿಸತೊಡಗಿದರು. ಚೈತ್ರಾಳಿಗೆ ಓಡಲು ಬರುತ್ತಿತ್ತು, ನಿಲ್ಲಲು ಬರುತ್ತಿರಲಿಲ್ಲ. ಗೋಡೆಯೋ ಗೆಳತಿಯೋ ಅಡ್ಡ ಸಿಕ್ಕಿದ ಮೇಲೆಯೇ ನಿಲ್ಲುತ್ತಿದ್ದಳು. ಉಳಿದ ಮಕ್ಕಳ ಕ್ಷೇಮಕ್ಕಾಗಿ ಅವಳನ್ನು ಗೋಲಿನ ಮುಂದೆ ನಿಲ್ಲಿಸಿದರು. ನೋಡಿದರೆ ಅಲ್ಲಿ ಅವಳು ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. ಮುಂದೆ ಚಕ್ರ ಹೋಗಿ ಬ್ಲೇಡು ಬಂತು, ರಜೆಯಲ್ಲಿ ಬೆಂಗಳೂರಿನ ಪುಟ್ಟ ಐಸ್ ಅಂಗಳದಲ್ಲಿ ಅಭ್ಯಾಸ ನಡೆಯಿತು. ಕೊನೆಗೆ ಹಿಮಾಲಯದ ಊರೊಂದರ ಪಂದ್ಯಾವಳಿಗೆ ರಾಜ್ಯ ತಂಡದಲ್ಲಿ ಜಾಗವೂ ಸಿಕ್ಕಿತು. ಆ ಆಟದವರು ಗೋಲ್‌ಕೀಪರಿಗೆ 'ಗೋಲಿ' ಎನ್ನುತ್ತಾರಂತೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹಾಗೆಯೇ ಹೇಳಿದೆ. ಗಣಿತದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಗೋಲಿ ಆಡಾಕೆ ಅಷ್ಟು ದೂರ ಯಾಕ್ರೀ ಮೇಡಂ? ನಮ್ಮ ಈಸೂರಾಗೇ ಆಡ್ತಿದ್ವಲ್ರೀ!" ಎಂದರು.

ನನ್ನ ನಿಜವಾದ ಸಂಕಟ ಅವಳ ಕಾಲಿನ ಪ್ಯಾಡುಗಳದ್ದು. ಪುಟ್ಟ ಹಾಸಿಗೆಗಳಂಥ ಅವು ಬೆವರು ಕುಡಿದು ಬೀರುವ ವಾಸನೆಯನ್ನು ವರ್ಣಿಸಲು ಕನ್ನಡ ಟೀಚರಾಗಿಯೂ ನನ್ನಲ್ಲಿ ಪದಗಳಿಲ್ಲ. ತಾರಸಿಯಲ್ಲಿ ಒಣಗಲು ಹಾಕಿದರೆ ಪಕ್ಕದ ಸಂಡಿಗೆಗೆ ಕಾಗೆಯೂ ಇಳಿಯುತ್ತಿರಲಿಲ್ಲ. ಅದರ ಮೇಲೆ, ಐಸ್ ಮೇಲೆ ಚೆಂಡಿನ ಬದಲು ಹೊಡೆಯುವ ಕಲ್ಲಿನಂಥ ರಬ್ಬರ್ ಬಿಲ್ಲೆ ಮಗಳ ಮುಖಕ್ಕೆ ಹಾರಿ ಬರುವ ಭಯ ಬೇರೆ. "ಇದೊಂದು ಪಂದ್ಯಾವಳಿ ಮುಗಿಸಿ ಬಿಟ್ಟುಬಿಡು" ಎಂದು ಮಾತು ತೆಗೆದುಕೊಂಡೇ ಕಳಿಸಿದೆ.

ಮೊದಲ ಪಂದ್ಯಕ್ಕೆ ಅವಳು ಕಾಯ್ದಿರಿಸಿದ ಆಟಗಾರ್ತಿ. ಮುಖ್ಯ ಗೋಲಿಗೆ ಎತ್ತರದ ಗಾಳಿ ಒಗ್ಗದೆ ತಲೆಸುತ್ತು ಬಂದು, ಇವಳನ್ನು ಇಳಿಸಿದರು. ನಾನು ಪಂದ್ಯದ ನೇರ ಪ್ರಸಾರ ಬರುತ್ತಿದ್ದ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಕಣ್ಣು ಮುಚ್ಚಿ ಕುಳಿತೆ. ಉಳವಿಯಿಂದ ಬಂದಿದ್ದ ಅತ್ತೆ ನೋಡುತ್ತಿದ್ದರು.

"ಅಲ್ಲ ಮಾರಾಯ್ತಿ, ಎಲ್ರೂ ಓಡಾಡ್ತಾ ಇದಾರೆ, ನಮ್ಮ ಹುಡುಗಿ ಒಬ್ಳನ್ನೇ ಯಾಕೆ ನಿಲ್ಸಿದಾರೆ? ಏನು ತಪ್ಪು ಮಾಡ್ತು ಅದು?"

"ತಡೀಬೇಕು ಅತ್ತೆ, ಅದೇ ಅವಳ ಕೆಲಸ."

"ಓ... ತಡೀತು! ಮತ್ತೆ ತಡೀತು! ಅಯ್ಯೋ, ಹೊಟ್ಟೆ ಮೇಲೇ ಬಿದ್ಕೊಂಡು ತಡೀತಲ್ಲೇ!"

ತಂಡ ಸೋತಿತು. ಆದರೂ ಸಂಜೆ ಕೋಚ್ ನನ್ನ ಯಜಮಾನರಿಗೆ ಫೋನ್ ಮಾಡಿ, ಚೈತ್ರಾಳನ್ನು ಭಾರತ ತಂಡದ ಶಿಬಿರಕ್ಕೆ ಕರೆದಿದ್ದಾರೆಂದು ಹೇಳಿದರು.

ಚಳಿಗೆ ಮೂಗಿನ ತುದಿಯ ಚರ್ಮ ಸುಲಿದುಕೊಂಡು ಮನೆಗೆ ಬಂದ ಹುಡುಗಿ ಶಿಬಿರದ ಸುದ್ದಿಯನ್ನೇ ಎತ್ತಲಿಲ್ಲ. ಪ್ಯಾಡುಗಳನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು.

"ಕರೆದಿದಾರಂತಲ್ಲೇ?" ಎಂದೆ.

"ಮಾತು ಕೊಟ್ಟಿದ್ದೆನಲ್ಲಮ್ಮ."

ಅವಳು ಎದುರು ಮಾತಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಇವಳು ಮಾತು ಉಳಿಸಿಕೊಂಡಿದ್ದಳು. ಅತ್ತೆ ಅಡುಗೆಮನೆಯಿಂದಲೇ, "ಅಟ್ಟದಲ್ಲಿಟ್ರೆ ಇಲಿ ಕಡೀತಾವೆ, ಇಳ್ಸೇ" ಎಂದರು. ಮೂಗು ಮುಚ್ಚಿಕೊಂಡು ಇಳಿಸಿದೆ. "ಶಿಬಿರಕ್ಕೆ ಹೋಗುವ ತನಕ ಅಭ್ಯಾಸ ಬೇಡವೇ? ಬಾ, ನಿಲ್ಲು. ನಾನು ಹೊಡೀತೀನಿ" ಎಂದೆ. ಅವಳು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

ಅಂದಿನಿಂದ ಸಂಜೆ ಅಂಗಳದಲ್ಲಿ ಸೀರೆ ಸೆರಗು ಸಿಕ್ಕಿಸಿಕೊಂಡು ನಾನೇ ಚೆಂಡು ಹೊಡೆಯುವವಳು. ಮೊನ್ನೆ ಒಂದು ಗೋಲು ಹೊಡೆದುಬಿಟ್ಟೆ. ನನ್ನ ಕೂಗಿಗೆ ಎದುರುಮನೆಯವರು ಹಾವೆಂದು ದೊಣ್ಣೆ ಹಿಡಿದು ಬಂದರು. ಭಾರತ ಶಿಬಿರದ ಗೋಲಿಗೇ ಗೋಲು ಹೊಡೆದೆನೆಂದು ಮರುದಿನ ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದೆ. ಮನೆಗೆ ಬಂದಾಗ ಅತ್ತೆ, "ಪಾಪ, ಮಗು ಕಾಲು ಎತ್ತಿ ದಾರಿ ಬಿಡ್ತಲ್ಲ, ನೀ ನೋಡ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು.

ನೋಡಿದ್ದೆ. ಆದರೂ ಗೋಲು ಗೋಲೇ.