ಹಸಿರು ಇಂಕಿಗೆ ಮುನ್ನ ಓದತಕ್ಕ ಪುಸ್ತಕ

ಪುಸ್ತಕ ಓದಿ ಮುಗಿಸದೆ ಯಾವ ವಿದ್ಯಾರ್ಥಿಯೂ ಮುಖ್ಯವಾದ ಕೆಲಸ ಮಾಡತಕ್ಕದ್ದಲ್ಲ ಎಂಬ ನಿಯಮ ಪೆರಂಬೂರಿನ ನಮ್ಮ ಕನ್ನಡ ವಾಚನಾಲಯದಲ್ಲಿ 2003ರ ಮೇ ತಿಂಗಳಲ್ಲಿ ಸರ್ವಾನುಮತದಿಂದ ಜಾರಿಗೆ ಬಂತು. ಸರ್ವಾನುಮತ ಅಂದರೆ ಅಧ್ಯಕ್ಷರಾದ ಸತ್ಯನಾರಾಯಣ ಅವರು. ಉಳಿದ ಸದಸ್ಯರು ಆ ಹೊತ್ತಿಗೆ ಬೋಂಡಾ ತಿನ್ನುತ್ತಿದ್ದರು, ಬಾಯಿ ಖಾಲಿ ಇರಲಿಲ್ಲ.

ಸತ್ಯನಾರಾಯಣ ಅವರು ರೈಲ್ವೆಯಲ್ಲಿ ಗೆಜೆಟೆಡ್ ಅಧಿಕಾರಿ, ಅಂದರೆ ಹಸಿರು ಇಂಕಿನಲ್ಲಿ ಸಹಿ ಹಾಕುವವರು. ಅಂಕಪಟ್ಟಿಯ ಜೆರಾಕ್ಸ್ ಮೇಲೆ ಆ ಹಸಿರು ಗೀಟು ಬಿದ್ದರೆ ಅದು ದಾಖಲೆ, ಬೀಳದಿದ್ದರೆ ಬಜ್ಜಿ ಕಟ್ಟುವ ಕಾಗದ. ಪ್ಲಸ್ ಟೂ ರಿಸಲ್ಟ್ ಬಂದ ಕೂಡಲೇ ಕ್ವಾರ್ಟರ್ಸಿನ ಹುಡುಗರೆಲ್ಲ ಅವರ ಮುಂದೆ ಸಾಲು ನಿಲ್ಲುತ್ತಿದ್ದರು. ಈ ಕಾಲದ ಮಕ್ಕಳಿಗೆ ಯಾವುದು ಮೊದಲು, ಯಾವುದು ಆಮೇಲೆ ಗೊತ್ತಿಲ್ಲ ಎಂಬುದು ಆ ಸಾಲು ನೋಡಿಯೇ ಅವರಿಗೆ ಹೊಳೆದದ್ದು. ಹೊಳೆದದ್ದನ್ನು ಬರೆದರು. ‘ಆದ್ಯತಾ ದರ್ಪಣ’, 412 ಪುಟ. ಯಾರೂ ಕೊಳ್ಳಲಿಲ್ಲ. ಹಾಗಾಗಿ ನಿಯಮ ಬೇಕಾಯಿತು.

ರೈಲ್ವೆಯಲ್ಲಿ ಒಂಟಿ ಹಳಿಯ ಮೇಲೆ ಡ್ರೈವರ್ ಕೈಗೆ ಟೋಕನ್ ಬರದೆ ರೈಲು ಹೊರಡುವಂತಿಲ್ಲ. ವಿದ್ಯಾರ್ಥಿ ಮಾತ್ರ ಯಾಕೆ ಹೊರಡಬೇಕು? ಗೋಡೆಗೆ ಪ್ರಕಟಣೆ ಅಂಟಿತು:

“ಸಹಿ ಬೇಕಾದ ವಿದ್ಯಾರ್ಥಿಯು ತನ್ನ ಮೂಲ ಅಂಕಪಟ್ಟಿಯನ್ನು ಠೇವಣಿಯಾಗಿ ಇಟ್ಟು ‘ಆದ್ಯತಾ ದರ್ಪಣ’ವನ್ನು ಪಡೆಯತಕ್ಕದ್ದು. ಇಲ್ಲಿಯೇ ಕುಳಿತು ಸ್ವಂತ ಬಾಯಿಂದ ಗಟ್ಟಿಯಾಗಿ ಓದತಕ್ಕದ್ದು. ಓದಿ ಮುಗಿದ ಬಳಿಕ ಟೋಕನ್ ನೀಡಲಾಗುವುದು. ಟೋಕನ್ ಕಂಡ ಬಳಿಕ ಸಹಿ.”

“ಒಂದಕ್ಕೆ ಹೋಗೋಕೂ ಟೋಕನ್ ಬೇಕಾ ಸಾರ್?” ಅಂತ ನಾನು ಕೇಳಿದೆ. ಅರಸೀಕೆರೆಯಲ್ಲಿ ಹತ್ತನೇ ಕ್ಲಾಸಿಗೆ ಎರಡು ಸಲ ನಮಸ್ಕಾರ ಹಾಕಿ ಬಂದವನು ನಾನು. ನನಗೆ ಯಾವ ಸಹಿಯೂ ಬೇಕಿರಲಿಲ್ಲ, ಫ್ಯಾನಿನ ಗಾಳಿಗೆ ಅಲ್ಲಿ ಕೂರುತ್ತಿದ್ದೆ. ಅಧ್ಯಕ್ಷರು ನಗಲಿಲ್ಲ, ಡೈರಿ ತೆಗೆದು ಬರೆದುಕೊಂಡರು. ಮರುದಿನ ಪ್ರಕಟಣೆಯ ಕೆಳಗೆ ಉಪನಿಯಮ 3(ಅ) ಕಾಣಿಸಿಕೊಂಡಿತು: “ಮೂತ್ರಕ್ಕೆ ತಾತ್ಕಾಲಿಕ ಟೋಕನ್, ಅವಧಿ ನಾಲ್ಕು ನಿಮಿಷ.” ಆಮೇಲೆ ನಾನು ತಮಾಷೆ ಮಾಡುವುದನ್ನು ಕಡಿಮೆ ಮಾಡಿದೆ.

ಸೋಮವಾರ ಅಜಿತ್ ಬಂದ. ಲೆಕ್ಕದಲ್ಲಿ ಇನ್ನೂರಕ್ಕೆ ನೂರಾತೊಂಬತ್ತೆಂಟು ತೆಗೆದ ಹುಡುಗ. ಇಂಜಿನಿಯರಿಂಗ್ ಅರ್ಜಿಯನ್ನು ಶುಕ್ರವಾರ ಸಂಜೆ ಐದರೊಳಗೆ ಊರಿನ ಆ ತುದಿಯಲ್ಲಿರುವ ಗಿಂಡಿಯ ಯೂನಿವರ್ಸಿಟಿಯಲ್ಲಿ ಕೊಡಬೇಕಿತ್ತು. ಅಂಕಪಟ್ಟಿ ಠೇವಣಿಯಾಯಿತು, ಪುಸ್ತಕ ಕೈಗೆ ಬಂತು. ಆಗ ಒಂದು ಸಣ್ಣ ಸಂಗತಿ ಗೊತ್ತಾಯಿತು. ಅವನು ಓದಿದ್ದೆಲ್ಲ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಕನ್ನಡ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ.

“ನಾನು ಓದಿ ಹೇಳ್ತೀನಿ, ಅವನು ಕೇಳಿಸ್ಕೊಳ್ಳಲಿ,” ಅಂದೆ.

“ನಿನ್ನ ಬಾಯಿಂದ ಅವನು ಊಟ ಮಾಡ್ತಾನೇನಯ್ಯಾ?” ಅಂದರು ಅಧ್ಯಕ್ಷರು. “ಮೊದಲು ಅಕ್ಷರ, ಆಮೇಲೆ ಪುಸ್ತಕ. ಇದೇ ಆದ್ಯತೆ.”

ಸೋಮವಾರ ಸ್ವರಗಳು. ಮಂಗಳವಾರ ವ್ಯಂಜನಗಳು. ಬುಧವಾರ ಪೂರ್ತಿ ಒತ್ತಕ್ಷರಕ್ಕೆ ಹೋಯಿತು. ಗುರುವಾರ ಬೆಳಿಗ್ಗೆ ಅಜಿತ್ ಮೊದಲ ಪುಟ ಓದಿದ. ಅದರಲ್ಲಿ ಲೇಖಕರ ಭಾವಚಿತ್ರವಿತ್ತು, ಬೇಗ ಮುಗಿಯಿತು. ಆಮೇಲಿನ ಪುಟಗಳು ಹಾಗಿರಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಗಂಟಲು ಕಟ್ಟಿತ್ತು, ಪುಟ 290.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಅವನ ತಾಯಿ ಊರ್ಮಿಳಾ ವಿಮಾ ಕಚೇರಿಯಿಂದ ಅರ್ಧ ದಿನ ರಜೆ ಹಾಕಿ ಓಡಿಬಂದರು. “ಸಾರ್, ಇಲ್ಲಿಂದ ಸೆಂಟ್ರಲ್ಲು, ಅಲ್ಲಿಂದ ಪಾರ್ಕ್ ಸ್ಟೇಷನ್ನಲ್ಲಿ ಟ್ರೈನ್ ಹಿಡಿದು ಗಿಂಡಿ. ಒಂದೂವರೆ ಗಂಟೆ ಬೇಕು. ಸಹಿ ಹಾಕ್ಬಿಡಿ ಸಾರ್. ಇಲ್ಲಾಂದ್ರೆ ಅಂಕಪಟ್ಟಿನಾದ್ರೂ ಕೊಡಿ, ಬೇರೆ ಯಾರ ಕೈಲಾದ್ರೂ ಹಾಕಿಸ್ಕೋತೀನಿ.”

“ಮಾರ್ಗಮಧ್ಯದಲ್ಲಿ ಠೇವಣಿ ವಾಪಸಿಲ್ಲ ತಾಯಿ. ಎಷ್ಟನೇ ಅಧ್ಯಾಯದಲ್ಲಿದ್ದಾನೆ?”

“ಹದಿನೇಳು ಅಂಕಲ್,” ಅಂದ ಅಜಿತ್.

“ಓ, ‘ತುರ್ತು ಬಂದಾಗ’. ಒಳ್ಳೇ ಅಧ್ಯಾಯ. ತಾಯಿಯವರೂ ಕೇಳಲಿ, ಓದು.”

ಅಜಿತ್ ಬೆರಳಿಟ್ಟು ಓದಿದ: “ತು-ರ್ತು ಕೆ-ಲ-ಸ ಬಂ-ದಾ-ಗ ಕೈ-ಯ-ಲ್ಲಿ-ರು-ವು-ದ-ನ್ನು ಕೆ-ಳ-ಗಿ-ಡಿ. ಯಾ-ರ-ನ್ನೂ ಕೇ-ಳ-ಬೇ-ಡಿ. ಹೊ-ರ-ಡಿ.” ಓದಿ, ಪುಸ್ತಕ ಕೆಳಗಿಟ್ಟು, ಎದ್ದು, ಅಧ್ಯಕ್ಷರ ಮೇಜಿನ ಮೇಲಿದ್ದ ತನ್ನ ಅಂಕಪಟ್ಟಿಗೆ ಕೈ ಹಾಕಿದ. ಪುಸ್ತಕ ಓದಿ ಒಬ್ಬ ವಿದ್ಯಾರ್ಥಿ ಆದ್ಯತೆ ಕಲಿತದ್ದು ನಮ್ಮ ವಾಚನಾಲಯದ ಚರಿತ್ರೆಯಲ್ಲಿ ಅದೇ ಮೊದಲು.

ಅಧ್ಯಕ್ಷರು ಅಂಕಪಟ್ಟಿಯ ಮೇಲೆ ಪೇಪರ್‌ವೆಯ್ಟ್ ಇಟ್ಟರು. “ಏನಪ್ಪಾ ಇದು?”

“ಪುಸ್ತಕತ್ತುಲಯೇ ಪೋಟ್ಟಿರುಕ್ಕು ಅಂಕಲ್,” ಅಂದ ಅಜಿತ್.

“ಪುಸ್ತಕದಲ್ಲೇ ಇದೆ, ನಿಜ. ಬರೆದವನು ನಾನೇ ತಾನೆ? ಅದು ಇರೋದು ಓದೋಕೆ. ಮಾಡೋದು ಓದಿ ಮುಗಿಸಿದ ಮೇಲೆ. ಈಗ ಮಧ್ಯದಲ್ಲಿ ಎದ್ದೆ, ನಿಯಮದ ಪ್ರಕಾರ ಅಧ್ಯಾಯ ಮೊದಲಿಂದ.”

ಊರ್ಮಿಳಾ ಆಂಟಿ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಬಾಯಿ ಬಿಟ್ಟರೆ ಇನ್ನೊಂದು ಉಪನಿಯಮ ಹುಟ್ಟುವ ಸಂಭವವಿತ್ತು.

ಐದೂ ಇಪ್ಪತ್ತಕ್ಕೆ 412ನೇ ಪುಟ ಮುಗಿಯಿತು. ಅಧ್ಯಕ್ಷರು ಟೋಕನ್ ಕೊಟ್ಟರು, ಟೋಕನ್ ಇಸಿದುಕೊಂಡರು, ಪೆನ್ನಿನ ಮುಚ್ಚಳ ತೆಗೆದು ಜೆರಾಕ್ಸಿನ ಮೂಲೆಯಲ್ಲಿ ಸಹಿ ಹಾಕಿದರು. ಸಹಿ ಬಹಳ ಅಂದವಾಗಿತ್ತು.

“ಗಿಂಡೀಲಿ ಬಾಗಿಲು ಹಾಕಿರ್ತಾರೆ,” ಅಂದರು ಊರ್ಮಿಳಾ ಆಂಟಿ ಮೆಲ್ಲಗೆ. “ಇನ್ನು ಮುಂದಿನ ವರ್ಷಾನೇ.”

“ನೋಡಿದಿರಾ, ನಿನ್ನೆವರೆಗೆ ಎಷ್ಟು ಒದ್ದಾಡ್ತಿದ್ದ ಹುಡುಗ. ಈಗ ಅವನಿಗೆ ಒಂದೂ ತುರ್ತು ಕೆಲಸ ಉಳಿದಿಲ್ಲ,” ಅಂದರು ಅಧ್ಯಕ್ಷರು. ಸದಸ್ಯರು ಬೋಂಡಾ ಬದಿಗಿಟ್ಟು ಚಪ್ಪಾಳೆ ತಟ್ಟಿದರು. ಅಜಿತ್‌ಗೆ ಶಾಲು ಹೊದಿಸಿ, ಮುಖ್ಯ ಕೆಲಸವನ್ನು ಮೊದಲು ಮಾಡಿದ ವಿದ್ಯಾರ್ಥಿ ಎಂದು ಪ್ರಮಾಣಪತ್ರ ಕೊಡಲಾಯಿತು. ಅದಕ್ಕೂ ಹಸಿರು ಸಹಿ ಇತ್ತು.

ಊರ್ಮಿಳಾ ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು: “ಸಾರ್, ನನ್ನ ಮಗಳು ಪ್ರೇರಣಾ ಎಂಟನೇ ಕ್ಲಾಸು. ಈಗಲೇ ಅಕ್ಷರ ಶುರು ಮಾಡಿದ್ರೆ ಪ್ಲಸ್ ಟೂ ಹೊತ್ತಿಗೆ ಮುಗಿಸ್ತಾಳಾ?”

“ಎರಡನೇ ಸಂಪುಟ ಬರೀತಾ ಇದ್ದೀನಿ. ಆದರೂ ಪ್ರಯತ್ನ ಪಡಬಹುದು. ಹೆಸರು ಬರೆಸಿ.”

ಅವರು ಬರೆಸಿದರು. ಅವರ ಹಿಂದೆ, ಇನ್ನೂ ಸ್ಕೂಲಿಗೆ ಸೇರದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಪಕ್ಕದ ಬ್ಲಾಕಿನ ಸರಸ ಆಂಟಿ ನಿಂತಿದ್ದರು. ಬಂದದ್ದು ತಡವಾಯಿತೇನೋ ಎಂಬ ಗಾಬರಿ ಅವರ ಮುಖದಲ್ಲಿತ್ತು.