ಭೀಮೆಯ ಚಿಪ್ಪು, ಹಡಗಿನ ಶಾವಿಗೆ

ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಒಂಬತ್ತು ವರ್ಷ ಹಡಗಿನಲ್ಲಿ ಅಡುಗೆ ಮಾಡಿದವನು. ಹೀಗೆಂದು ಅಫಜಲಪುರದಲ್ಲಿ ಹೇಳುತ್ತಿದ್ದವರು ಒಬ್ಬರೇ ಒಬ್ಬರು. ಅದು ಕಾಕಾ! ಉಳಿದ ಊರಿನದು ಬೇರೆಯೇ ಮಾತು. "ಹಡಗಂತ ಹಡಗು. ಸೊಲ್ಲಾಪುರದ ಖಾನಾವಳ್ಯಾಗ ತಾಟು ತೊಳೀತಿದ್ದ" ಎಂದು ಊರು ತೀರ್ಮಾನಿಸಿ ಬಹಳ ದಿನಗಳಾಗಿದ್ದವು. ಇದಕ್ಕೆ ಸಾಕ್ಷಿ ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟಿದ್ದ ಸಾವಕಾರರು. ಅವರು ಕಾಕಾನನ್ನು ಒಮ್ಮೆ ಸೊಲ್ಲಾಪುರದ ಸ್ಟೇಶನ್ನಿನ ಹೊರಗೆ ಕಣ್ಣಾರೆ ಕಂಡಿದ್ದರು. ಮುಂಬೈಯಿಂದ ಅಫಜಲಪುರಕ್ಕೆ ಬರುವ ಮನುಷ್ಯ ಸೊಲ್ಲಾಪುರದಲ್ಲಿ ಇಳಿಯದೆ ಆಕಾಶದಿಂದ ಇಳಿಯಬೇಕೇನು? ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಕಾಕಾನ ದುರ್ದೈವವೂ ಹಾಗೇ ಇತ್ತೆನ್ನಿ. ಹೊರದೇಶಕ್ಕೆ ಹೋದವರು ಟ್ರಾನ್ಸಿಸ್ಟರ್ ತರುತ್ತಾರೆ, ಕೈಗಡಿಯಾರ ತರುತ್ತಾರೆ, ಹೋಗಲಿ ಒಂದು ಸೆಂಟಿನ ಬಾಟಲಿಯನ್ನಾದರೂ ತರುತ್ತಾರೆ. ಇವನು ಅವೆಲ್ಲವನ್ನೂ, ಹಡಗಿನ ಕಾಗದಪತ್ರದ ಸಮೇತ, ಒಂದು ಟ್ರಂಕಿನಲ್ಲಿ ತುಂಬಿಕೊಂಡು ಹೊರಟಿದ್ದ. ರೈಲಿನಲ್ಲಿ ಕಣ್ಣು ಹತ್ತಿತು, ಟ್ರಂಕು ಯಾರದೋ ಜೊತೆ ನಡುವಿನ ಸ್ಟೇಶನ್ನಿನಲ್ಲಿ ಇಳಿದುಹೋಯಿತು. ಕೈಯಲ್ಲಿ ಉಳಿದದ್ದು ತಲೆದಿಂಬಿಗೆ ಇಟ್ಟುಕೊಂಡಿದ್ದ ಒಂದು ಕಬ್ಬಿಣದ ಬಾಣಲೆ. ಒಂಬತ್ತು ವರ್ಷದ ಮೇಲೆ ಬಾಣಲೆ ಹಿಡಿದು ಮನೆಗೆ ಬಂದವನನ್ನು ಊರು ಖಾನಾವಳಿಯವನು ಅನ್ನದೆ ಕಪ್ತಾನ ಅಂದೀತೆ?

ಅದರ ಮೇಲೆ ಕಾಕಾನಿಗೆ ಈಸು ಬರುತ್ತಿರಲಿಲ್ಲ. ಭೀಮಾ ಹೊಳೆಯಲ್ಲಿ ಮೊಣಕಾಲು ಮಟ್ಟದ ನೀರಿಗೆ ಇಳಿದರೆ ಯಾರದಾದರೂ ಭುಜ ಹಿಡಿಯುತ್ತಿದ್ದ.

"ಸಮುದ್ರದಾಗ ಇದ್ದವಗ ಈಸು ಬರಂಗಿಲ್ಲೇನೋ?" ಎಂದು ಸಾವಕಾರರು ಕೆಣಕುತ್ತಿದ್ದರು.

"ಹಡಗು ಈಸ್ತದಲ್ರಿ ಸಾವಕಾರ್ರ. ಇಬ್ಬರೂ ಯಾಕ ಈಸಬೇಕು?" ಎನ್ನುತ್ತಿದ್ದ ಕಾಕಾ.

ಒಲೆಯ ಮೇಲೆ ಏನೇ ಇಟ್ಟರೂ ಅದನ್ನು ತಂತಿಯಿಂದ ಒಲೆಯ ಕಲ್ಲಿಗೆ ಬಿಗಿಯುವುದು ಅವನ ಇನ್ನೊಂದು ಚಾಳಿ. ಅಲೆ ಬಂದಾಗ ಪಾತ್ರೆ ಉರುಳಬಾರದಂತೆ. ಅಫಜಲಪುರದ ಕರಿಮಣ್ಣಿನ ಬಯಲಿಗೆ ಎಲ್ಲಿಂದ ಅಲೆ ಬರಬೇಕು? ಅವನ ಹೆಂಡತಿ, ನಮ್ಮ ಕಾಕು, ಮಾತಿಲ್ಲದೆ ತಂತಿ ಬಿಚ್ಚುತ್ತಿದ್ದಳು, ಇವನು ಮಾತಿಲ್ಲದೆ ಮತ್ತೆ ಕಟ್ಟುತ್ತಿದ್ದ. ಇದೇ ಅವರ ಸಂಸಾರದ ಮುಖ್ಯ ಮಾತುಕತೆಯಾಗಿತ್ತು.

ನಾನಾಗ ಬಿ.ಎಡ್. ಮುಗಿಸಿ ಮಾಸ್ತರಿಕೆಯ ಆದೇಶದ ದಾರಿ ನೋಡುತ್ತ ಮನೆಯಲ್ಲಿದ್ದೆ. ನಮ್ಮ ಮನೆ, ಕಾಕಾನ ಮನೆ ಒಂದೇ ಗೋಡೆಯವು. ಒಂದು ದಿನ ಕಾಕಾ ಚಹಾದಂಗಡಿಯಿಂದ ಮುಖ ಊದಿಸಿಕೊಂಡು ಬಂದ. ಸಾವಕಾರರು ಎಂಟು ಮಂದಿಯ ಎದುರು ಅಂದಿದ್ದರಂತೆ, "ಹಡಗಿನ ಅಡಗಿಯವ ಅಂತಿ, ಒಂದ್ ದಿನಾ ಹಡಗಿನ ಅಡಗಿ ಉಣಸು ನೋಡೋಣ." ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. "ನಿನಗ ಸೊಲ್ಲಾಪುರದಾಗ ಇನ್ನೊಂದ್ ಮನಿ ಇತ್ತಂತ ಮಂದಿ ಅಂತಾರಪಾ, ನಾ ಅನ್ನಂಗಿಲ್ಲ" ಎಂದೂ ಸೇರಿಸಿದ್ದರು.

"ಊರಾಗಿನ ಮಂದಿ ಬಾಯಿಗೆ ಬಂದದ್ದು ಅನಲಿ, ನನಗ ಫಿಕರಿಲ್ಲ" ಎಂದು ಕಾಕಾ ನನ್ನ ಮುಂದೆ ದನಿ ತಗ್ಗಿಸಿದ. "ಆದ್ರ ಆ ಮಾತು ನಿಮ್ಮ ಕಾಕುನ ಕಿವಿಗೂ ಬಿದ್ದಿರಬೇಕಲ್ಲ? ಆಕಿ ಏನ್ ತಿಳಕೊಂಡಾಳೋ ನನಗ ಗೊತ್ತಿಲ್ಲವ್ವಾ. ಬಂದು ಎರಡು ವರ್ಷ ಆತು. ಆಕಿ ಒಂದಿನಾ ಕೇಳಿಲ್ಲ."

"ನೀನೇ ಹೇಳು."

"ಹೇಳಿದ್ರ ಮಾತಾಗ್ತದ. ಮಾಡಿ ತೋರಸ್ತೇನಿ."

ಮಾಡಿ ತೋರಿಸಬೇಕಾದದ್ದು ಏನು? ಹಡಗಿನ ಇಟಲಿ ದೇಶದ ಬಾಣಸಿಗನೊಬ್ಬ ಕಾಕಾನಿಗೆ ಕೈ ಹಿಡಿದು ಕಲಿಸಿದ ಪಾಸ್ತಾ. ಗಟ್ಟಿ ಗೋದಿಯ ದಪ್ಪ ಶಾವಿಗೆ ಕುದಿಸಿ, ಬೆಳ್ಳುಳ್ಳಿ ಹಾಕಿದ ಎಣ್ಣೆಯಲ್ಲಿ ಜೀವಂತ ಕಪ್ಪೆಚಿಪ್ಪುಗಳನ್ನು ಬಾಯಿ ಬಿಡುವ ತನಕ ಬೇಯಿಸಿ, ಎರಡನ್ನೂ ಕಲೆಸುವುದು. ಎಂಬತ್ತರ ದಶಕದ ಅಫಜಲಪುರದಲ್ಲಿ ಪಾಸ್ತಾ ಎಂಬ ಹೆಸರನ್ನು ಕೇಳಿದವರೇ ಇರಲಿಲ್ಲ. ಕಪ್ಪೆಚಿಪ್ಪು ಎಲ್ಲರಿಗೂ ಗೊತ್ತಿತ್ತು, ಆದರೆ ಕೂಸಿಗೆ ಔಷಧ ಕುಡಿಸುವ ಸಾಮಾನಾಗಿ. "ಚಮಚಾ ತಿನ್ನಸ್ತಿ ಏನೋ?" ಎಂದು ನನ್ನ ಅಪ್ಪ ಕೇಳಿದ.

ಇನ್ನು ಕಾಕುನ ಸಂಗತಿ. ಅವಳ ತವರು ಆಳಂದದ ಕಡೆಯ ಒಂದು ಹಳ್ಳಿ, ಪಂಢರಪುರಕ್ಕೆ ನಡೆದು ಹೋಗುವ ಮನೆತನ. ಕೊರಳಲ್ಲಿ ತುಳಸಿ ಮಾಲೆ. ಮಾಲೆ ಹಾಕಿದವರು ಮಾಂಸ, ಮೀನು ಮುಟ್ಟುವಂತಿಲ್ಲ. ಆದ್ದರಿಂದ ಅವಳದು ಒಂದೇ ಕರಾರು, "ಶಾವಿಗಿ ಬೇಕಾದ್ರ ಮಾಡಿಕೊಡ್ತೇನಿ. ನನ್ನ ಒಲಿ, ನನ್ನ ಬೋಗಾಣಿ ಮುಟ್ಟಬ್ಯಾಡ್ರಿ." ಹಿತ್ತಲಿನ ಬೇವಿನ ಮರದ ಕೆಳಗೆ ಮೂರು ಕಲ್ಲಿನ ಒಲೆ ಎದ್ದಿತು. ಕಾಕಾ ಮೊದಲು ಅದಕ್ಕೆ ತಂತಿ ಸುತ್ತಿದ.

ಕಾಕುನ ಶಾವಿಗೆಗೆ ನಮ್ಮ ಓಣಿಯಲ್ಲೆಲ್ಲ ಹೆಸರಿತ್ತು. ಬೇಸಿಗೆಯಲ್ಲಿ ಹೆಂಗಸರು ಒಂದೊಂದು ದಿನ ಒಬ್ಬೊಬ್ಬರ ಮನೆಯಲ್ಲಿ ಕೂಡಿ ಜವೆಗೋದಿಯ ಹಿಟ್ಟು ನಾದಿ, ಮಣೆಯ ಮೇಲೆ ಹೊಸೆದು, ಎಳೆ ಎಳೆದು ಕೋಲಿಗೆ ಹಾಕುವಾಗ ಕಾಕುನ ಎಳೆ ತಲೆಗೂದಲಿನಷ್ಟು ಸಣ್ಣಗೆ ಬರುತ್ತಿತ್ತು. ಅಂಥವಳ ಮುಂದೆ ಕಾಕಾ ಒಂದು ತುಂಡು ಸುತಳಿ ಹಿಡಿದು, "ಇಷ್ಟು ದಪ್ಪ" ಅಂದ.

"ಸುತಳಿ ಬೇಕಾದ್ರ ಬಜಾರದಾಗ ಸಿಗ್ತದ. ಇಂಥಾ ಶಾವಿಗಿ ಮಾಡೋ ಹುಡುಗೀನ ನಮ್ಮ ಕಡೆ ಯಾರೂ ಲಗ್ನ ಮಾಡ್ಕೊಳ್ಳಂಗಿಲ್ಲ."

"ನಿನ್ನ ಲಗ್ನ ಆಗಿ ಮುಗದದಲ್ಲ ಬೇ. ಧೈರ್ಯದಿಂದ ಮಾಡು."

ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಾಕು ನಗಲಿಲ್ಲ. ಆದರೆ ಆ ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು, ಯಾರಿಗೂ ಕಾಣದ ಹಾಗೆ, ಸುತಳಿಯಷ್ಟೇ ದಪ್ಪದ ಶಾವಿಗೆ ಹೊಸೆದಳು. ಮರ್ಯಾದೆಯ ಪ್ರಶ್ನೆ ನೋಡಿ! ನಾನು ಕೋಲು ಹಿಡಿದು ಕೂತಿದ್ದೆ, ಹೊರಗೆ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಸಿಕೊಂಡಳು.

ಚಿಪ್ಪು ತರಲು ಕಾಕಾ ನನ್ನನ್ನೂ ಕರೆದುಕೊಂಡು ಗಾಣಗಾಪುರದ ಹತ್ತಿರ ಹೊಳೆಗೆ ಹೋದ. ಒಬ್ಬ ಮೀನುಗಾರ ಮುದುಕ ಕೆಸರಿನಿಂದ ಬುಟ್ಟಿ ತುಂಬ ಚಿಪ್ಪು ಬಳಿದುಕೊಟ್ಟ. ಚೌಡಾಪುರದಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರ್ ಬುಟ್ಟಿಯ ಮೇಲಿನ ಹಸಿ ಗೋಣಿಚೀಲ ಎತ್ತಿ ನೋಡಿದ.

"ಇವು ಜೀವಂತ ಅವೇನ್ರಿ?"

"ಜೀವಂತನೇ ಅವ. ಸತ್ತದ್ದು ನಾ ಮುಟ್ಟಂಗಿಲ್ಲ."

"ಹಂಗಾದ್ರ ಟಿಕೇಟ್ ತೊಗೋಬೇಕಾಗ್ತದ. ಕೋಳಿಗೆ ಅರ್ಧ ಅದ."

"ಕೊಡ್ರಿ. ಎಷ್ಟ್ ಅವ ಅಂತ ನೀವೇ ಎಣಿಸಿಕೋರಿ."

ಕಂಡಕ್ಟರ್ ಒಂದು ಚಿಪ್ಪು ಎತ್ತಿ ಕಿವಿಯ ಹತ್ತಿರ ಹಿಡಿದ. ಹಿಂದಿನ ಸೀಟಿನವರೂ ಎದ್ದು ಬಂದರು. ಬಸ್ಸು ನಿಂತೇ ಇತ್ತು. ಕೊನೆಗೆ ಅವನೇ ಸೋತು, "ಕಾಕಾ, ಸತ್ತಾವ ಅಂತ ಒಂದ್ ಮಾತು ಅಂದುಬಿಡ್ರಿ, ನಾನೂ ಆರಾಮ ನೀವೂ ಆರಾಮ" ಎಂದು ಕೈ ಮುಗಿದ.

"ಹ್ಯಾಂಗ ಅನ್ನಲಿ ತಮ್ಮಾ? ನಾಳೆ ಊರ ಮಂದಿ ಮುಂದ ಇವು ಜೀವಂತ ಇದ್ದವು ಅಂತ ಹೇಳಬೇಕದ."

ಇಡೀ ಬುಟ್ಟಿಗೆ ಒಂದು ಕೋಳಿಯ ಟಿಕೇಟು ಹರಿದ ಮೇಲೆ ಬಸ್ಸು ಹೊರಟಿತು. ಕಾಕಾ ಆ ಚೀಟಿಯನ್ನು ಪದವಿಪತ್ರದ ಹಾಗೆ ಮಡಚಿ ಜೇಬಿನಲ್ಲಿಟ್ಟುಕೊಂಡ.

ಮನೆಗೆ ಬಂದವನೇ ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿಯಲ್ಲಿ ನೀರು ತುಂಬಿ, ಹರಳುಪ್ಪು ಸುರಿದು, ಚಿಪ್ಪುಗಳನ್ನು ಅದರಲ್ಲಿ ಬಿಟ್ಟ. "ಉಪ್ಪುನೀರಾಗ ಒಂದ್ ದಿನಾ ಇಟ್ರ ಹೊಟ್ಯಾಗಿನ ಮಳಲೆಲ್ಲ ತಾವೇ ಕಾರ್ತಾವ. ಇದು ಹಡಗಿನ ಕಾನೂನು" ಎಂದು ನನಗೆ ಪಾಠ ಹೇಳಿದ. ಎರಡನೆಯ ಕಾನೂನು ಇನ್ನೂ ಕಠಿಣ. ಒಲೆಗೆ ಹೋಗುವ ಮುಂಚೆ ಚಿಪ್ಪು ಬಾಯಿ ಮುಚ್ಚಿರಬೇಕು. ಬಾಯಿ ತೆರೆದುಕೊಂಡು, ತಟ್ಟಿದರೂ ಮುಚ್ಚದೆ ಇದ್ದರೆ ಅದು ಸತ್ತಿದೆ, ಬಿಸಾಡಬೇಕು.

ಮರುದಿನ ಮಧ್ಯಾಹ್ನ ಸಾವಕಾರರು, ಶಾಲೆಯ ಹೆಡ್ ಮಾಸ್ತರರು, ನನ್ನ ಅಪ್ಪ ಹಿತ್ತಲಿನಲ್ಲಿ ಹಾಸಿದ್ದ ಜಮಖಾನೆಯ ಮೇಲೆ ಸಾಲಾಗಿ ಕೂತರು. ಕಾಕಾ ದೋಣಿಯ ಮೇಲಿನ ಗೋಣಿ ತೆಗೆದ. ಅಷ್ಟೂ ಚಿಪ್ಪುಗಳು ಬಾಯಿ ಬಿಟ್ಟುಕೊಂಡಿದ್ದವು. ನಾಲ್ಕು ಮಾರು ದೂರ ಕೂತಿದ್ದ ಹೆಡ್ ಮಾಸ್ತರರು ಮೂಗಿಗೆ ಪಂಚೆಯ ಚುಂಗು ಹಿಡಿದರು. ಕಾಕಾ ಒಂದೊಂದನ್ನೇ ಎತ್ತಿ ಬೆರಳಿನಿಂದ ತಟ್ಟಿದ. ದೋಣಿಯ ತಳ ಮುಟ್ಟುವವರೆಗೂ ತಟ್ಟಿದ. ಒಂದೂ ಮುಚ್ಚಲಿಲ್ಲ.

"ಇವತ್ತ ಅಡಗಿ ಇಲ್ರಿ" ಅಂದ ಎದ್ದು ನಿಂತು. "ಎಲ್ಲಾ ಸತ್ತಾವ."

"ಖಾನಾವಳಿ ಬಂದ್ ಆತು ಅನ್ರಿ!" ಎಂದು ಸಾವಕಾರರು ತೊಡೆ ತಟ್ಟಿದರು. ಕಾಕು ಒಳಗಿನಿಂದ ರೊಟ್ಟಿ, ಪುಂಡಿಪಲ್ಲೆ ಕಳಿಸಿ ಮಂದಿಯ ಹೊಟ್ಟೆ ತುಂಬಿಸಿದಳು. ಕಾಕಾ ಉಣ್ಣಲಿಲ್ಲ. "ನಾಕು ಚಮಚ ಖಾರ ಜಾಸ್ತಿ ಹಾಕಿದ್ರ ಯಾರಿಗೆ ಗೊತ್ತಾಗ್ತಿತ್ತು ಕಾಕಾ?" ಎಂದು ನಾನು ಸುಮ್ಮನೆ ಕೇಳಿದೆ. "ನನಗ ಗೊತ್ತಾಗ್ತಿತ್ತಲ್ಲವ್ವಾ" ಅಂದ.

ಮರುವಾರ ಹೊಳೆಗೆ ಹೋದಾಗ ಮೀನುಗಾರ ಮುದುಕ ಸಂಗತಿ ಕೇಳಿ ಹಣೆ ಚಚ್ಚಿಕೊಂಡ. "ಸಿಹಿನೀರಿನ ಜೀವಕ್ಕ ಉಪ್ಪು ಹಾಕಿದ್ರ ಬದಕ್ತಾವೇನ್ರಿ? ಅವರಪ್ಪನೂ ಉಪ್ಪು ನೋಡಿಲ್ಲ." ಕಾಕಾ ದಂಡೆಯ ಮೇಲೆ ಕುಸಿದು ಕೂತ. ಸಮುದ್ರದ ಚಿಪ್ಪಿನ ಕಾನೂನನ್ನು ಹೊಳೆಯ ಚಿಪ್ಪಿನ ಮೇಲೆ ಹೇರಿದ್ದ. ನೀವೇ ಹೇಳಿ, ಸೊಲ್ಲಾಪುರದ ಖಾನಾವಳಿಯಲ್ಲಿ ತಾಟು ತೊಳೆದವನಿಗೆ ಈ ತಪ್ಪು ಮಾಡಲು ಬರುತ್ತಿತ್ತೆ? ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೆ ಕೆಟ್ಟ ಅಡುಗೆಯನ್ನು ಸಾಕ್ಷಿ ಎಂದು ಯಾರ ಮುಂದೆ ಹೇಳುವುದು? ಅಪ್ಪನಿಗೆ ಹೇಳಿದೆ. "ಸಾಕು ಬಿಡಿಸು ಅವನಿಗೆ ಈ ಹುಚ್ಚು" ಎಂದ.

ಕಾಕಾ ಬಿಡುವ ಪೈಕಿ ಅಲ್ಲ. ಈ ಸಲ ಚಿಪ್ಪಿನ ಜೊತೆ ಎರಡು ಡಬ್ಬಿ ಭೀಮೆಯ ನೀರೂ ಬಂತು. ಎರಡು ದಿನ ಅವನು ದೋಣಿ ಬಿಟ್ಟು ಕದಲಲಿಲ್ಲ. ನೀರು ಬದಲಿಸಿದ, ನೆರಳು ಸರಿದ ಹಾಗೆ ಗೋಣಿ ಸರಿಸಿದ, ಚಹಾ ಅಲ್ಲೇ ಕುಡಿದ. ಗಂಟೆಗೊಮ್ಮೆ ಒಂದು ಚಿಪ್ಪನ್ನು ತಟ್ಟಿ, ಅದು ಪಟಕ್ಕನೆ ಮುಚ್ಚಿದಾಗ "ಶಾಬಾಸ್" ಎನ್ನುತ್ತಿದ್ದ. ನಮ್ಮಲ್ಲಿ ಬಾಣಂತಿಯರಿಗೂ ಅಷ್ಟು ಆರೈಕೆ ಆಗಿದ್ದು ನಾನು ಕಂಡಿಲ್ಲ. ಕಾಕು ಮಾತ್ರ ಏನೂ ಅನ್ನದೆ, ಯಾರೂ ಕೇಳದೆ ಇದ್ದರೂ, ದಪ್ಪ ಶಾವಿಗೆಯನ್ನು ಇನ್ನೊಂದು ಕೋಲು ತುಂಬ ಹೊಸೆದು ಒಣಹಾಕಿದಳು. ಈ ಸಲ ಬಾಗಿಲು ಮುಂದೆ ಮಾಡಲಿಲ್ಲ.

ಅದೇ ಮೂವರು ಮತ್ತೆ ಬಂದು ಕೂತರು. ಬಾಣಲೆಯಲ್ಲಿ ಕುಸುಬಿ ಎಣ್ಣೆ ಕಾಯಿತು, ಜಜ್ಜಿದ ಬೆಳ್ಳುಳ್ಳಿ ಬಿತ್ತು, ಎರಡು ಒಣಮೆಣಸಿನಕಾಯಿ ಬಿತ್ತು. ಚಿಪ್ಪು ಸುರಿದು ತಾಟು ಮುಚ್ಚಿದ. ಒಳಗೆ ಟಕಟಕ ಸದ್ದು. ತಾಟು ತೆಗೆದರೆ ಅಷ್ಟೂ ಬಾಯಿ ಬಿಟ್ಟಿದ್ದವು, ಒಂದರಲ್ಲೂ ಮಳಲು ಉಳಿದಿರಲಿಲ್ಲ. ನಡುವೆ ಸ್ವಲ್ಪ ಗಟ್ಟಿ ಉಳಿಯುವಷ್ಟೇ ಬೆಂದ ಶಾವಿಗೆಯನ್ನು ಅದರಲ್ಲಿ ಹೊರಳಿಸಿ, ಲಿಂಬೆಹುಳಿ ಹಿಂಡಿ, ಕೊತ್ತಂಬರಿ ಉದುರಿಸಿದ. ಹೆಡ್ ಮಾಸ್ತರರು ಮೂರನೆಯ ಸಲ ನೀಡಿಸಿಕೊಂಡರು. ನಾನಂತೂ ತಿಂದ ಲೆಕ್ಕ ಹೇಳುವುದಿಲ್ಲ. ಅಂಥ ರುಚಿ!

ಸಾವಕಾರರು ತಾಟನ್ನು ರೊಟ್ಟಿಯಿಂದ ಒರೆಸಿ ಒರೆಸಿ ತಿಂದು, ತೇಗಿ, ಮೀಸೆ ಸವರಿಕೊಂಡರು. "ಭಾಳ ಛಂದ ಆಗ್ಯದಪಾ. ನಾ ಅಂದದ್ದು ಖರೇನೇ ಆತು ನೋಡು. ಸೊಲ್ಲಾಪುರದ ದೊಡ್ಡ ಹೋಟೆಲ್‌ನ್ಯಾಗ ಇಂಥವು ಮಾಡ್ತಾರಂತ ಕೇಳಿದ್ದೆ."

ಕಾಕಾನ ಕೈಯಲ್ಲಿ ಸೌಟು ಹಾಗೇ ನಿಂತಿತು. ಜಗಳಕ್ಕೆ ಬೀಳುತ್ತಾನೆ ಎಂದುಕೊಂಡೆ. ಇಲ್ಲ. ಅವನ ಭುಜಗಳು ಇಳಿದುಹೋದವು. ಮರದ ಬುಡಕ್ಕೆ ಕೂತು, "ಹೌದ್ರಿ ಸಾವಕಾರ್ರ. ಸೊಲ್ಲಾಪುರದಾಗೇ ಕಲ್ತೆ ಅಂತ ತಿಳಕೋರಿ. ಇನ್ನೊಂದಿಷ್ಟು ಉಣ್ರಿ" ಅಂದ. ಅವನು ಸೋತದ್ದನ್ನು ನಾನು ಅದೇ ಮೊದಲು ನೋಡಿದ್ದು.

ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿದ್ದ ಕಾಕು ಹೊರಗೆ ಬಂದಳು. ಹಿರಿಯರ ಎದುರು ಎಂದೂ ಬಾಯಿ ತೆರೆಯದವಳು. ತಂಬಿಗೆ ಕೆಳಗಿಟ್ಟು, ಸೆರಗು ಹಣೆಯ ತನಕ ಎಳೆದುಕೊಂಡು, ಸಾವಕಾರರ ಕಡೆ ನೋಡದೆ ಗಂಡನಿಗೇ ಕೇಳಿದಳು.

"ಸುಳ್ಳ ಯಾಕ ಹೇಳ್ತೀರಿ?"

ಕಾಕಾ ತಲೆ ಎತ್ತಿದ.

"ಸಮುದ್ರದಾಗ ಬಿರುಗಾಳಿ ಎದ್ದದ ಅಂತ ರೇಡಿಯೋದಾಗ ಹೇಳಿದ ದಿನಾ ನಾ ತುತ್ತು ಬಾಯಿಗೆ ಇಟ್ಟಿಲ್ರಿ. ಒಂಬತ್ತು ವರ್ಷ ಹಂಗೇ ಮಾಡೇನಿ. ನೀವು ಸೊಲ್ಲಾಪುರದಾಗ ಇದ್ರ ನಾ ಯಾಕ ಉಪಾಸ ಇರ್ತಿದ್ನಿ? ಸೊಲ್ಲಾಪುರಕ್ಕ ಸಮುದ್ರದ ಬಿರುಗಾಳಿ ಬರ್ತದೇನ್ರಿ?"

ಸಾವಕಾರರು ಖಾಲಿ ತಾಟನ್ನು ನೋಡುತ್ತ ಕೂತರು. ಕಾಕಾ ಊರಲ್ಲಿಲ್ಲದ ವರ್ಷಗಳಲ್ಲಿ ಎಷ್ಟೋ ಸಂಜೆ ಸುದ್ದಿಯ ಹೊತ್ತಿಗೆ ಸರಿಯಾಗಿ ಕಾಕು ಮಜ್ಜಿಗೆ ಕೇಳುವ ನೆವದಲ್ಲಿ ನಮ್ಮ ಪಡಸಾಲೆಗೆ ಬಂದು, ರೇಡಿಯೋದ ಪಕ್ಕ ನಿಂತು, ಮಜ್ಜಿಗೆ ಮರೆತು ಹೋಗುತ್ತಿದ್ದುದು ಆಗ ನನಗೆ ನೆನಪಾಯಿತು.

"ಇದನ್ನ ಎಂದೂ ಹೇಳಿಲ್ಲಲ್ಲ ಬೇ ನೀನು" ಅಂದ ಕಾಕಾ.

"ನೀವು ಎಂದು ಕೇಳಿದ್ರಿ? ಮೊದಲು ಉಣ್ರಿ, ಮುಂಜಾನಿಂದ ಏನೂ ತಿಂದಿಲ್ಲ."

ಕಾಕಾ ತಾಟು ತೊಡೆಯ ಮೇಲೆ ಇಟ್ಟುಕೊಂಡು, ಎಲ್ಲರ ಎದುರಿಗೇ ಅಳುತ್ತ ಉಂಡ. ಅವನು ಉಂಡು ಮುಗಿಸುವ ತನಕ ಕಾಕು ಅಲ್ಲೇ ನಿಂತಿದ್ದಳು.