ನಿಜ ಹೇಳಿದರೆ ಏನೂ ಆಗಲ್ಲ

ಚಿಕ್ಕ ಮಕ್ಕಳ ಜೊತೆ ಎರಡು ಗಂಟೆ ಕೂತು, ಏನೂ ಆಗದೆ ಎದ್ದು ಬಂದವರಿದ್ದರೆ ನನಗೆ ತೋರಿಸಿ. ನನಗಂತೂ ಆ ಭಾಗ್ಯ ಒಂದು ದಿನವೂ ಸಿಕ್ಕಿಲ್ಲ.

ನಾನು ಮಳವಳ್ಳಿಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಸರ್ವೀಸೆಲ್ಲ ನಿಂತೇ ಮಾಡಿದೆ. ನಿವೃತ್ತಿಯಾದ ಮೇಲೆ ಎಲ್ಲರೂ ಕೂರಿ ಎಂದರು. ಕೂರಲು ಬರಲಿಲ್ಲ. ಹಲಗೂರಿನ ಮನೆಯ ಗೇಟಿನಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಸ್ ಸ್ಟಾಪಿಗೆ ನಡೆಯುತ್ತಿದ್ದೆ. ನನಗೆ ಹತ್ತಬೇಕಾದ ಬಸ್ಸು ಯಾವುದೂ ಇರಲಿಲ್ಲ. ಯಾವುದು ಎಷ್ಟು ತಡ ಎಂದು ನೋಡಿಕೊಂಡು ವಾಪಸ್ ಬರುತ್ತಿದ್ದೆ.

ಪಕ್ಕದ ಹಳ್ಳಿಯ ಪ್ರೈಮರಿ ಶಾಲೆಯ ಹೆಡ್‌ಮೇಡಂ ಒಂದು ಕಾಲದಲ್ಲಿ ನನ್ನ ಶಿಷ್ಯೆ. ಜೂನ್‌ನಲ್ಲಿ ಮನೆಗೆ ಬಂದರು.

"ಸಾರ್, ಐದು ಕ್ಲಾಸಿಗೆ ಇಬ್ಬರೇ ಇದ್ದೀವಿ. ಮಕ್ಕಳು ಅಳ್ತಾವೆ, ಜಗಳ ಆಡ್ತಾವೆ, ಸುಳ್ಳು ಹೇಳ್ತಾವೆ. ಕೇಳೋಕೆ ನಮಗೆ ಪುರುಸೊತ್ತಿಲ್ಲ. ವಾರಕ್ಕೆ ಮೂರು ದಿನ ನೀವು ಬಂದು ಕೇಳಿ."

"ಕೇಳಿ ಏನು ಮಾಡ್ಲಿ?"

"ಕೇಳಿದ್ರೆ ಸಾಕು. ಹೊಡೆಯೋ ಹಾಗಿಲ್ಲ, ಬೈಯೋ ಹಾಗಿಲ್ಲ. ದಸರಾ ರಜದವರೆಗೆ ನೋಡೋಣ. ನಡುವೆ ಯಾರಾದ್ರೂ ದೂರು ಕೊಟ್ರೆ ಅವತ್ತಿಗೆ ಮುಗೀತು."

ನಾನು ಬಾಯಿ ತೆಗೆಯುವ ಮೊದಲೇ ಒಳಗಿಂದ ನನ್ನ ಹೆಂಡತಿ, "ಇವತ್ತೇ ಕರ್ಕೊಂಡೋಗಮ್ಮ. ಗೇಟಿನ ಕೀಲು ಸವೆದೋಗಿದೆ," ಎಂದಳು.

ಬಸ್ ಸ್ಟಾಪಿನ ಜೀವನಕ್ಕೆ ಮರಳುವ ಆಸೆ ನನಗಿರಲಿಲ್ಲ. ದೂರು ಬಾರದಂತೆ ನೋಡಿಕೊಳ್ಳಬೇಕು ಎಂದುಕೊಂಡೇ ಹೋದೆ.

ಮೊದಲ ಗಿರಾಕಿ

ಅಂಗಳದ ಹೊಂಗೆ ಮರದಡಿ ಕುರ್ಚಿ ಹಾಕಿದರು. ಹೆಡ್‌ಮೇಡಂ ಪ್ರಾರ್ಥನೆ ಮುಗಿಸಿ, "ಇವರು ತಾತ. ಏನು ಕಷ್ಟ ಇದ್ರೂ ಹೋಗಿ ಹೇಳ್ಕೊಳ್ಳಿ," ಎಂದರು.

ಒಂದು ಗಂಟೆ ಯಾರೂ ಬರಲಿಲ್ಲ. ನಾನು ಮರಕ್ಕೆ ಹದಿನಾಲ್ಕು ಸುತ್ತು ಹಾಕಿದೆ. ಕೊನೆಗೆ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಬಂದು ಎದುರಿಗೆ ನಿಂತಳು. ನಾನು ಅವಳನ್ನು ನೋಡಿದೆ. ಅವಳು ಅಳಲು ಶುರು ಮಾಡಿದಳು.

ಹೆಡ್‌ಮೇಡಂ ಓಡಿ ಬಂದರು. "ಏನಮ್ಮ, ಬೈದ್ರಾ?"

"ಇಲ್ಲ ಮಿಸ್. ಸುಮ್ನೆ ನೋಡ್ತಾರೆ."

"ಸಾರ್, ಒಂಚೂರು ನಕ್ಕು ಮಾತಾಡ್ಸಿ."

ನಕ್ಕೆ. ಅಲ್ಲಿಯವರೆಗೆ ನಿಂತು ಅಳುತ್ತಿದ್ದ ಮಗು ಅಳುತ್ತಾ ಓಡಿತು.

ಹೊಟ್ಟೆನೋವು

ಎರಡನೇ ಕ್ಲಾಸಿನ ಒಬ್ಬನಿಗೆ ದಿನಾ ಹೊಟ್ಟೆನೋವು. ಲೆಕ್ಕದ ಪೀರಿಯಡ್ಡಿಗೆ ಸರಿಯಾಗಿ ಬರುತ್ತಿತ್ತು. ಮನಸ್ಸಿನ ಭಯ ಇರಬಹುದು, ನಿಧಾನಕ್ಕೆ ಕೇಳಿ ಎಂದು ನನ್ನ ಹತ್ತಿರ ಕಳಿಸಿದರು.

ನಿಧಾನ ನನಗೆ ಬರುವುದಿಲ್ಲ. "ಬಾ," ಎಂದು ಕೈ ಹಿಡಿದು ಮೈದಾನಕ್ಕೆ ಎರಡು ಸುತ್ತು ಓಡಿಸಿದೆ. ನಾನೂ ಜೊತೆಗೆ ಓಡಿದೆ. ನೋವು ಹೋಯಿತು. ಹೆಡ್‌ಮೇಡಂ ಮೆಚ್ಚಿಕೊಂಡರು.

ಮಾರನೆಯ ದಿನ ಲೆಕ್ಕದ ಪೀರಿಯಡ್ಡಿನಲ್ಲಿ ಅವರೇ ಮತ್ತೆ ಬಂದರು. ಮುಖದಲ್ಲಿ ಮೆಚ್ಚುಗೆ ಇರಲಿಲ್ಲ.

"ಸಾರ್, ಕ್ಲಾಸಲ್ಲಿ ಬೋರ್ಡು, ನಾನು, ಇಬ್ಬರೇ ಇದ್ದೀವಿ. ಹೊಟ್ಟೆನೋವಿನವರೆಲ್ಲ ನಿಮ್ಮ ಹಿಂದೆ ಸಾಲಾಗಿ ನಿಂತವ್ರೆ."

ಸೋಮವಾರದ ಮೊಟ್ಟೆ

ಶಾಲೆಯಲ್ಲಿ ಮಧ್ಯಾಹ್ನ ಮೊಟ್ಟೆ ಕೊಡುತ್ತಾರೆ. ತಿನ್ನದವರಿಗೆ ಬಾಳೆಹಣ್ಣು. ಮೂರನೇ ಕ್ಲಾಸಿನ ಹುಡುಗನೊಬ್ಬ ಊಟವಾದ ಮೇಲೆ ಬಂದು ಮರದ ತೊಗಟೆ ಕೀಳುತ್ತಾ ನಿಂತ.

"ತಾತ, ಒಂದು ಸುಳ್ಳು ಹೇಳ್ಬುಟ್ಟಿದ್ದೀನಿ."

"ಹೇಳು."

ಅವರ ಮನೆಯಲ್ಲಿ ಸೋಮವಾರ ಮೊಟ್ಟೆ, ಮಾಂಸ ಮುಟ್ಟುವುದಿಲ್ಲ. ಅಜ್ಜಿಯ ಕಟ್ಟಪ್ಪಣೆ. ಇವನು ಪ್ರತಿ ಸೋಮವಾರ ಶಾಲೆಯಲ್ಲಿ ಮೊಟ್ಟೆ ತಿಂದು, ಬಾಳೆಹಣ್ಣು ತಿಂದೆ ಎನ್ನುತ್ತಿದ್ದ. ಈಗ ರಾತ್ರಿ ನಿದ್ದೆ ಬರುತ್ತಿಲ್ಲವಂತೆ.

"ಮನೇಲಿ ನಿಜ ಹೇಳು. ಏನೂ ಆಗಲ್ಲ."

ಎರಡು ದಿನ ಬಿಟ್ಟು ಅಜ್ಜಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ದೂರು ಬಂತು, ನನ್ನ ಕೆಲಸ ಮುಗಿಯಿತು ಎಂದುಕೊಂಡು ಎದ್ದು ನಿಂತೆ.

"ಸ್ವಾಮಿ, ನನ್ ಮೊಮ್ಮಗುಂಗೆ ನಿಜ ಯೋಳು ಅಂದೋರು ನೀವೇಯ?"

"ಹೌದು."

"ಮೊಟ್ಟೆ ವಿಸ್ಯ ಬುಡಿ. ಇಸ್ಕೂಲೇನು ನಮ್ಮನೆ ಅಲ್ವಲ್ಲ, ತಿನ್ಲಿ. ಆದ್ರೆ ಅವ್ನು ಅಷ್ಟಕ್ಕೇ ನಿಲ್ಲುಸ್ಲಿಲ್ಲ. ಓದ್ ಸೋಮ್ವಾರ ಸಂಜೆ ನಾನು ಅವುನ್ನೂ ಕರ್ಕೊಂಡು ಆಸ್ಪತ್ರೆಗೆ ಅಂತ ಹಲಗೂರ್ಗೆ ಓಗಿ, ಬಸ್ ಸ್ಟಾಪ್ ತಾವು ಮೊಟ್ಟೆ ಬೋಂಡ ತಿಂದುದ್ನೂವೆ ಸೊಸೆ ಮುಂದೆ ಯೋಳ್ಬುಟ್ಟ. ಅವುನ್ ನಿಜ ಅವ್ನು ಯೋಳ್ಕೊಳ್ಲಿ. ನನ್ ನಿಜ ಅವ್ನ್ಯಾಕ್ ಯೋಳ್ಬೇಕು?"

ನಾನು ಕುರ್ಚಿಯನ್ನು ಅವರ ಕಡೆ ಸರಿಸಿದೆ. ಅವರು ಕೂರಲಿಲ್ಲ.

"ಹೆಡ್‌ಮೇಡಂಗೆ ದೂರು ಯೋಳ್ಬುಟ್ಟೇ ಓಯ್ತೀನಿ."

"ಹೇಳಿ. ಏನಂತ ಹೇಳ್ತೀರಿ?"

ಅಜ್ಜಿ ಆಫೀಸ್ ರೂಮಿನ ಕಡೆ ನಾಲ್ಕು ಹೆಜ್ಜೆ ಹೋದರು. ನಿಂತರು. ಯೋಚಿಸಿದರು. ಸೆರಗು ಸರಿ ಮಾಡಿಕೊಂಡು ಗೇಟಿನ ಕಡೆ ತಿರುಗಿದರು.

ಟೂ

ಮಕ್ಕಳಲ್ಲಿ ಟೂ ಬಿಡುವುದು ಎಂದರೆ ಮಾತು ಬಂದ್. ನಾಲ್ಕನೇ ಕ್ಲಾಸಿನ ಇಬ್ಬರು ಹುಡುಗಿಯರು ಎಂಟು ದಿನದಿಂದ ಟೂ ಬಿಟ್ಟಿದ್ದರು. ಅದಕ್ಕೆ ಮೊದಲು ಒಂದೇ ಕೊಡೆಯಲ್ಲಿ ಬರುತ್ತಿದ್ದವರು. ಈಗ ಒಬ್ಬಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಇನ್ನೊಬ್ಬಳು ಶಾಲೆ ಬೇಡ ಎನ್ನುತ್ತಿದ್ದಳು. ಇಬ್ಬರನ್ನೂ ಕರೆದು ಜಗಲಿಯ ಮೇಲೆ ಕೂರಿಸಿದೆ. ನಡುವೆ ಒಂದು ಗೇಣು ಜಾಗ.

"ತಾತ, ಇವಳು ನನ್ ರಬ್ಬರ್ ಕೊಡ್ಬೇಕು ಅಂತ ಹೇಳಿ."

ನಾನು ಈ ಕಡೆ ತಿರುಗಿ, "ರಬ್ಬರ್ ಕೊಡ್ಬೇಕಂತೆ," ಎಂದೆ.

"ಅದು ಕಳೆದೋಗದೆ ಅಂತ ಹೇಳಿ ತಾತ."

"ಕಳೆದುಹೋಗಿದೆಯಂತೆ."

"ಸುಳ್ಳು, ಜಾಮಿಟ್ರಿ ಬಾಕ್ಸಲ್ಲೇ ಅದೆ ಅಂತ ಹೇಳಿ."

ಹೀಗೆ ಅರ್ಧ ಗಂಟೆ. ಅಷ್ಟು ಮಾತು ನಾನು ಮದುವೆಯಾದ ಮೇಲೂ ಆಡಿರಲಿಲ್ಲ. ಕೊನೆಗೆ, "ರಬ್ಬರ್ ಹಾಳಾಗ್ಲಿ. ಶುರು ಆಗಿದ್ದು ಯಾಕೆ?" ಎಂದೆ.

ಶಾಲೆಯಿಂದ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿದ್ದರಂತೆ. ಒಬ್ಬಳು ಹೊಸ ಲಂಗ ಹಾಕಿ, ಮರದ ಕೆಳಗೆ ತಲೆ ಎತ್ತಿ, "ಎಷ್ಟು ಚೆನ್ನಾಗವೆ," ಎಂದಳಂತೆ. ಮೇಲಿದ್ದ ಕೊಕ್ಕರೆ ಅದೇ ಹೊತ್ತಿಗೆ ತನ್ನ ಕೆಲಸ ಮುಗಿಸಿತು. ಹಣೆಯಿಂದ ಲಂಗದವರೆಗೆ.

"ಇವಳು ನಕ್ಕಳು ತಾತ. ಕೇಳಿದ್ರೆ ನಗ್ಲೇ ಇಲ್ಲ ಅಂತ ಸುಳ್ಳು ಬೇರೆ."

ಇನ್ನೊಬ್ಬಳು ತಲೆ ತಗ್ಗಿಸಿದಳು. ಆಮೇಲೆ ನೇರ ಗೆಳತಿಯ ಕಡೆಗೇ ತಿರುಗಿದಳು.

"ನಕ್ಕೆ ಕಣೆ. ನೀನು ಅಳೋಕೆ ಬಾಯ್ ತೆಗ್ದಾಗ ಇನ್ನೊಂದು ಬಿತ್ತಲ್ಲ, ಅದ್ಕೆ ತಡ್ಯಕಾಗ್ಲಿಲ್ಲ."

ನನಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಬ್ಬರೂ ನನ್ನನ್ನೇ ದುರುಗುಟ್ಟಿ ನೋಡಿದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಒಟ್ಟಿಗೆ ನನಗೆ ಟೂ ಬಿಟ್ಟು, ಕೈ ಕೈ ಹಿಡಿದುಕೊಂಡು ಹೋದರು.

ನನ್ನ ಜೊತೆ ಇನ್ನೂ ರಾಜಿಯಾಗಿಲ್ಲ.

ಸಾಹೇಬರು ಬಂದದ್ದು

ದಸರಾ ರಜಕ್ಕೆ ನಾಲ್ಕು ದಿನವಿತ್ತು. ದೂರು ಬಂದೇ ಬಂತು. ಸಹಿ ಇಲ್ಲದ ಅರ್ಜಿ. ಹುದ್ದೆ ಇಲ್ಲದ ಮುದುಕನೊಬ್ಬ ಶಾಲೆಯಲ್ಲಿ ಕೂತು ಮಕ್ಕಳನ್ನು ಬೈಯುತ್ತಾನೆ ಎಂದು. ವಿಚಾರಿಸಲು ಮೇಲಿನ ಸಾಹೇಬರು ಬರುತ್ತಾರೆ ಎಂದು ಫೋನ್ ಬಂತು.

ಬೈದದ್ದು ನಿಜ. ಮೂವರು ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತಿದ್ದರು. ಅವರನ್ನು ಕಂಡ ಕೂಡಲೇ ಹಳೆಯ ಮೈದಾನದ ಭಾಷೆಯೆಲ್ಲ ಒಟ್ಟಿಗೆ ಹೊರಗೆ ಬಂದಿತ್ತು. ಆಮೇಲೂ ಅಷ್ಟಿಷ್ಟು ಬರುತ್ತಲೇ ಇತ್ತು.

ಹೆಡ್‌ಮೇಡಂ ಮಕ್ಕಳನ್ನು ಕ್ಲಾಸ್ ರೂಮಿನಲ್ಲಿ ಸಾಲಾಗಿ ನಿಲ್ಲಿಸಿ ಹೇಳಿಕೊಟ್ಟರು. "ತಾತ ಯಾವತ್ತೂ ಬೈಯಲ್ಲ, ಪ್ರೀತಿಯಿಂದ ಮಾತಾಡ್ತಾರೆ. ಹಾಗಂತ ಹೇಳಿ."

ನನಗೆ ಕಾಲು ನಿಲ್ಲಲಿಲ್ಲ. ಮರಕ್ಕೆ ಸುತ್ತು ಹಾಕಿದೆ, ಶಾಲೆಗೆ ಸುತ್ತು ಹಾಕಿದೆ, ವಾಪಸ್ ಬಂದೆ.

"ಮಕ್ಕಳಿಗೆ ಸುಳ್ಳು ಕಲಿಸಬೇಡ ಕಣಮ್ಮ."

"ನಿಜ ಹೇಳಿದ್ರೆ ನೀವು ಮನೆಗೆ ಹೋಗ್ಬೇಕಾಗುತ್ತೆ ಸಾರ್."

"ಹೋಗ್ತೀನಿ," ಎಂದೆ. ಮಕ್ಕಳ ಕಡೆ ತಿರುಗಿ, "ನಿಜಾನೇ ಹೇಳಿ," ಎಂದೆ. ಬಸ್ ಸ್ಟಾಪು ಕಣ್ಣ ಮುಂದೆ ಬಂತು.

ಜೀಪು ಬಂತು. ಸಾಹೇಬರು ಇಳಿದು ನೇರ ಒಳಗೆ ಬಂದು ಮಕ್ಕಳ ಎದುರು ನಿಂತರು.

"ಈ ತಾತ ಬೈತಾರಾ?"

"ಬೈತಾರೆ ಸಾ," ಎಂದವು ಎಲ್ಲವೂ ಒಂದೇ ರಾಗದಲ್ಲಿ, ಮಗ್ಗಿ ಹೇಳುವಂತೆ.

"ಏನಂತ?"

ಒಬ್ಬಳು ಹುಡುಗಿ, "ನಿಮ್ಮೆದುರ್ಗೆ ಹೇಳಕಾಗಲ್ಲ ಸಾ," ಎಂದಳು.

"ಹೊಡೀತಾರಾ?"

"ಇಲ್ಲ ಸಾ. ಓಡ್ಸ್ಕೊಂಡ್ ಬತ್ತಾರೆ. ನಾವು ಸಿಕ್ಕಲ್ಲ."

"ಮತ್ಯಾಕೆ ಇವರ ಹತ್ರ ಹೋಗ್ತೀರಿ?"

"ಯಾರ್ ಗುಟ್ಟೂ ಯಾರ್ಗೂ ಹೇಳಲ್ಲ ಸಾ. ಅವ್ರಿಗೆ ಮಾತಾಡಕ್ಕೇ ಬರಲ್ಲ."

ಸಾಹೇಬರು ಕನ್ನಡಕ ತೆಗೆದರು. "ಹೀಗೆ ಹೇಳಿ ಅಂತ ಯಾರು ಕಲಿಸಿದ್ದು?"

"ತಾತ ಬೈಯಲ್ಲ ಅಂತ ಮಿಸ್ ಕಲಿಸಿದ್ರು ಸಾ. ನಿಜ ಹೇಳಿ ಅಂತ ತಾತ ಕಲಿಸಿದ್ರು."

ಹೆಡ್‌ಮೇಡಂ ಗೋಡೆಯ ಮೇಲಿನ ನಕ್ಷೆಯಲ್ಲಿ ಯಾವುದೋ ಊರು ಹುಡುಕತೊಡಗಿದರು.

ಸಾಹೇಬರು ಕನ್ನಡಕ ಮತ್ತೆ ಹಾಕಿಕೊಂಡು, ಶಾಲೆಯ ತಪಾಸಣೆ ಪುಸ್ತಕ ತರಿಸಿ ಬರೆದರು. "ತಾತ ಮುಂದುವರಿಯಲಿ. ಬೈಗುಳ ಕಡಿಮೆ ಮಾಡಲಿ." ಸಹಿ ಹಾಕಿದರು. ನಾನು ಹೊರಗೆ ಬಂದು ಕುರ್ಚಿಯಲ್ಲಿ ಕೂತೆ. ಆ ದಿನ ಮೊದಲ ಬಾರಿಗೆ ಕೂತದ್ದು.

ಸಾಹೇಬರೂ ಬಂದರು. ಆ ಕಡೆ ಈ ಕಡೆ ನೋಡಿ, ಮಕ್ಕಳು ನಿಲ್ಲುವ ಜಾಗದಲ್ಲೇ ನಿಂತರು.

"ಸಾರ್, ಇವತ್ತು ಮೂರು ಶಾಲೆ ನೋಡ್ತೀನಿ ಅಂತ ಆಫೀಸಲ್ಲಿ ಬರೆದಿಟ್ಟು ಬಂದಿದ್ದೀನಿ. ನೋಡಿದ್ದು ಇದೊಂದೇ. ಮಿಕ್ಕೆರಡನ್ನೂ ನೋಡಿದೆ ಅಂತ ಬರೆದುಬಿಡೋಣ ಅಂತಿದ್ದೆ."

"ನಿಜ ಬರೀರಿ. ಏನೂ ಆಗಲ್ಲ."

ಅವರ ಬೆನ್ನ ಹಿಂದೆ ಜೀಪಿನ ಡ್ರೈವರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ನಿಂದೇನು?" ಎಂದೆ.

"ಸಾಹೇಬ್ರುದ್ದು ಮುಗೀಲಿ ಸಾ," ಎಂದ. "ನಂದು ವಸಿ ಉದ್ದ ಅದೆ."